ಮಂಡ್ಯದ ಬೆಲ್ಲದ ಅಂಗಡಿಯ ಹಳೇ ವೆಬ್‌ಸೈಟನ್ನು ಮೊಬೈಲಿಗೆ ಹೊಂದಿಸಿದ್ದು

ಮಂಡ್ಯದಲ್ಲಿ ಹಳೇ ಬೆಂಗಳೂರು–ಮೈಸೂರು ರಸ್ತೆಗೆ ಮುಖ ಮಾಡಿಕೊಂಡು ಒಂದು ಬೆಲ್ಲದ ಅಂಗಡಿ ಇದೆ. ಅದರ ವೆಬ್‌ಸೈಟ್ ಫೋನಿನಲ್ಲಿ ಸರಿಯಾಗಿ ಕಾಣುವ ಹಾಗೆ ಮಾಡಿಕೊಡಬೇಕು ಅನ್ನುವುದು ನನಗೆ ಬಂದ ಕೆಲಸ. 2011ರಲ್ಲಿ ಯಾರೋ ಮಾಡಿಕೊಟ್ಟ ಸೈಟು. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದರೆ ಆ ಕಾಲದ ಲೆಕ್ಕಕ್ಕೆ ಚೆನ್ನಾಗೇ ಇದೆ. ಮೇಲೆ ಓಡುವ ಅಕ್ಷರ, ಎಡಕ್ಕೆ ಮೆನು, ನಡುವೆ ಆಲೆಮನೆಯ ಫೋಟೊಗಳು, ತಳದಲ್ಲಿ ಎಷ್ಟು ಜನ ನೋಡಿದರು ಅಂತ ಎಣಿಸುವ ಮೀಟರ್. ಅದೇ ಪುಟವನ್ನು ಫೋನಿನಲ್ಲಿ ತೆರೆದರೆ ಮೊದಲು ಕಾಣುವುದು ಖಾಲಿ ಡಬ್ಬ. ಅಲ್ಲಿ ಹಿಂದೆ ಫ್ಲ್ಯಾಶ್‌ನಲ್ಲಿ ಮಾಡಿದ ಚಲಿಸುವ ಬ್ಯಾನರ್ ಇತ್ತು. ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿಗೆ ಬಾಗಿಲು ಹಾಕಿದರು. ಐಫೋನಿನಲ್ಲಂತೂ ಅದು ಯಾವತ್ತೂ ಓಡಿದ್ದೇ ಇಲ್ಲ. ಡಬ್ಬದ ಕೆಳಗೆ ಬೆರಳಲ್ಲಿ ಹಿಗ್ಗಿಸಿದರೂ ಓದಲಾಗದ ಸಣ್ಣ ಅಕ್ಷರ. ಹಿಗ್ಗಿಸಿ ನೋಡಿದರೆ ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ.

"ನಮ್ಮ ಕಂಪ್ಯೂಟ್ರಲ್ಲಿ ಚೆನ್ನಾಗೇ ಬತ್ತದಲ್ಲ ಸಾ" ಅಂದರು ಯಜಮಾನರು. ಬರುತ್ತದೆ, ಸುಳ್ಳಲ್ಲ. ಅದು ಯಾಕೆ ಅಲ್ಲಿ ಮಾತ್ರ ಬರುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇಷ್ಟು ವರ್ಷ ಇದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಗಿರಾಕಿಗಳು ರಸ್ತೆಯಿಂದಲೇ ಬರುತ್ತಿದ್ದರು. ಬೆಂಗಳೂರಿಂದ ಮೈಸೂರಿಗೆ ಹೋಗುವ ಕಾರು ಅಂಗಡಿ ಮುಂದೆಯೇ ಹಾದು ಹೋಗಬೇಕಿತ್ತು. ಬೋರ್ಡು ನೋಡಿ ನಿಲ್ಲಿಸಿ ನಾಲ್ಕು ಅಚ್ಚು ಬೆಲ್ಲ ತಗೊಂಡು ಹೋಗುತ್ತಿದ್ದರು. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮಂಡ್ಯಕ್ಕೂ ಬೈಪಾಸ್, ಶ್ರೀರಂಗಪಟ್ಟಣಕ್ಕೂ ಬೈಪಾಸ್. ಕಾರುಗಳು ಊರಿನ ಹೊರಗೇ ಸುತ್ತಿಕೊಂಡು ಹೋಗುತ್ತವೆ. ಈಗ ಅಂಗಡಿಗೆ ಬರುವವರು ಎರಡೇ ಥರ. ಒಂದು, ಸ್ಥಳೀಯರು. ಇನ್ನೊಂದು, ಫೋನಿನಲ್ಲಿ ಹುಡುಕಿ ಬರುವವರು. ಎರಡನೇ ಥರದವರಿಗೆ ಈ ಅಂಗಡಿ ಇರುವುದೇ ಗೊತ್ತಾಗುತ್ತಿರಲಿಲ್ಲ.

ಕೋಡ್ ಮುಟ್ಟುವ ಮೊದಲು ಅಂಗಡಿಯಲ್ಲಿ ಕೂತು ಬರುವ ಫೋನ್ ಕರೆಗಳನ್ನು ಕೇಳಿಸಿಕೊಂಡೆ. ಇದು ನನ್ನ ಪದ್ಧತಿ. ಹೇಗೆ ಕಾಣಬೇಕು ಅಂತ ಮಾಲೀಕರನ್ನು ಕೇಳಿದರೆ ದೇವರ ಫೋಟೊ, ತಾತನ ಫೋಟೊ, "ನಮ್ಮ ಬಗ್ಗೆ" ಅಂತ ಶುರುವಾಗುತ್ತದೆ. ಗಿರಾಕಿ ಕೇಳುವುದೇ ಬೇರೆ. ಇಲ್ಲಿ ಕೇಳಿದ್ದು ಇಷ್ಟೇ: ಇವತ್ತು ಕೆಜಿ ಎಷ್ಟು? ಅಂಗಡಿ ಎಲ್ಲಿ ಬರುತ್ತೆ? ಬೆಂಗಳೂರಿಗೆ ಪಾರ್ಸೆಲ್ ಕಳಿಸ್ತೀರಾ? ಕೆಮಿಕಲ್ ಹಾಕಿದ್ದೀರಾ? ಹಳೇ ಮುಖಪುಟದಲ್ಲಿ ಈ ನಾಲ್ಕರಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ದರಪಟ್ಟಿ ಮೂರನೇ ಕ್ಲಿಕ್ಕಿನಲ್ಲಿ ಸಿಗುತ್ತಿತ್ತು, ಅದೂ ಯಾವುದೋ ಕಾಲದ್ದು. ಫೋನ್ ನಂಬರ್ ಒಂದು ಚಿತ್ರದೊಳಗೆ ಬರೆದದ್ದು. ಒತ್ತಿದರೆ ಕರೆ ಹೋಗುವುದಿಲ್ಲ, ಕಾಪಿ ಮಾಡಲೂ ಆಗುವುದಿಲ್ಲ. ಪೆನ್ನು ಹುಡುಕಿಕೊಂಡು ಬರೆದುಕೊಳ್ಳಬೇಕು.

ಪುಟದ ಕ್ರಮ ಅಲ್ಲೇ ನಿರ್ಧಾರವಾಯಿತು. ದರ, ದಾರಿ, ಪಾರ್ಸೆಲ್, ಬೆಲ್ಲ ಮಾಡುವ ಬಗೆ. ತಾತನ ಫೋಟೊ ಕೊನೆಯಲ್ಲಿ. ಯಜಮಾನರು ಸ್ವಲ್ಪ ಮುಖ ಸಣ್ಣದು ಮಾಡಿಕೊಂಡರು. "ತಾತ ಇಲ್ದಿದ್ರೆ ಅಂಗಡಿ ಎಲ್ಲಿತ್ತು" ಅಂದರು. ಅಂಗಡಿಯೊಳಗೆ ತಾತನ ಫೋಟೊ ಗಲ್ಲಾಪೆಟ್ಟಿಗೆಯ ಮೇಲೇ ಇದೆಯಲ್ಲ, ಅಲ್ಲಿ ಎಲ್ಲರೂ ನೋಡುತ್ತಾರೆ ಅಂದೆ. ಒಪ್ಪಿದರು.

ಒಂದು ಸಾಲು ಸೇರಿಸಿದರೆ ಆಗುತ್ತಾ?

ಅಕ್ಷರ ಯಾಕೆ ಅಷ್ಟು ಸಣ್ಣಗೆ ಕಾಣುತ್ತದೆ ಅನ್ನುವುದಕ್ಕೆ ಲೆಕ್ಕ ಸುಲಭ. ಪುಟದಲ್ಲಿ ವ್ಯೂಪೋರ್ಟ್ ಅನ್ನುವ ಮೆಟಾ ಟ್ಯಾಗ್ ಇಲ್ಲದಿದ್ದರೆ ಫೋನಿನ ಬ್ರೌಸರ್ "ಇದು ಕಂಪ್ಯೂಟರಿಗೆ ಮಾಡಿದ್ದು" ಅಂದುಕೊಳ್ಳುತ್ತದೆ. ಪುಟವನ್ನು 980 ಪಿಕ್ಸೆಲ್ ಅಗಲಕ್ಕೆ ಹಾಸಿ, ಆಮೇಲೆ ಪರದೆಗೆ ಹಿಡಿಸುವಷ್ಟು ಕುಗ್ಗಿಸುತ್ತದೆ. ನಮ್ಮ ಕಡೆ ಜಾಸ್ತಿ ಕಾಣುವ ಆಂಡ್ರಾಯ್ಡ್ ಫೋನುಗಳ ಪರದೆ ಬ್ರೌಸರಿನ ಲೆಕ್ಕದಲ್ಲಿ 360 ಪಿಕ್ಸೆಲ್ ಆಸುಪಾಸು. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. 16 ಪಿಕ್ಸೆಲ್ ಅಕ್ಷರ ಕಣ್ಣಿಗೆ 6 ಪಿಕ್ಸೆಲ್ ಥರ ಬೀಳುತ್ತದೆ. ದಿನಪತ್ರಿಕೆಯ ಇಡೀ ಪುಟವನ್ನು ಅಂಗೈ ಅಗಲದ ಚೀಟಿಗೆ ಜೆರಾಕ್ಸ್ ಹೊಡೆದ ಹಾಗೆ.

ಪರಿಹಾರ ಒಂದೇ ಸಾಲು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅಗಲ ಅಂದರೆ ಫೋನಿನ ಅಗಲ, ಶುರುವಿನ ಝೂಮ್ ಒಂದು, ಅಂತ ಹೇಳುವ ಟ್ಯಾಗ್. ಸೇರಿಸಿ ನೋಡಿದೆ. ನಿರೀಕ್ಷಿಸಿದ ಹಾಗೆ ಇನ್ನೂ ಕೆಟ್ಟಿತು. ಅಕ್ಷರವೇನೋ ದೊಡ್ಡದಾಯಿತು. ಆದರೆ ಇಡೀ ಪುಟ 960 ಪಿಕ್ಸೆಲ್ ಅಗಲದ ಟೇಬಲ್ (ಕೋಷ್ಟಕ) ಒಳಗೆ ಕೂತಿತ್ತು. 360ರ ಕಿಟಕಿಯಲ್ಲಿ 960ರ ಟೇಬಲ್. ಎಡದ ಮೆನು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಬಲಕ್ಕೆ ತಳ್ಳುತ್ತಾ ಹೋಗಬೇಕು. ಟ್ಯಾಗ್ ಹಾಕಿದ್ದರಿಂದ ರೋಗ ಏನು ಅಂತ ಕಂಡಿತು, ಅಷ್ಟೇ. ವಾಸಿಯಾಗಬೇಕಾದರೆ ಟೇಬಲ್ಲುಗಳೇ ಹೋಗಬೇಕು.

ಸರಿ, ಪುಟದ ಮೂಲ ಕೋಡ್ ಆದ ಎಚ್‌ಟಿಎಂಎಲ್ ಅನ್ನು ಮೊದಲಿಂದ ಬರೆದೆ. ಪುಟ ಹೇಗೆ ಕಾಣಬೇಕು ಅಂತ ಹೇಳುವ ಸಿಎಸ್ಎಸ್ ಬರೆಯುವಾಗ ಮೊದಲು ಫೋನಿಗೆ ಬರೆಯುವುದು, ದೊಡ್ಡ ಪರದೆಗೆ ಆಮೇಲೆ ಸೇರಿಸುವುದು. ಎಲ್ಲವೂ ಒಂದೇ ಕಾಲಂ, ಮೇಲಿಂದ ಕೆಳಕ್ಕೆ. ಅಗಲ 700 ಪಿಕ್ಸೆಲ್ ದಾಟಿದರೆ ಎರಡು ಕಾಲಂ. ಇಷ್ಟು ಸಣ್ಣ ಅಂಗಡಿಗೆ ಇಂಥ ಒಂದೇ ನಿಯಮ (ಮೀಡಿಯಾ ಕ್ವೆರಿ) ಸಾಕಾಯಿತು. ಒಂದೇ ಪುಟವನ್ನು ಪರದೆಗೆ ತಕ್ಕಂತೆ ಹೊಂದಿಸುವ ಈ ವಿಧಾನಕ್ಕೆ ರೆಸ್ಪಾನ್ಸಿವ್ ಅಂತ ಹೆಸರಿಟ್ಟು ಈಥನ್ ಮಾರ್ಕಾಟ್ ಬರೆದದ್ದು 2010ರಲ್ಲಿ. ಈ ಸೈಟು ಹುಟ್ಟಿದ್ದು ಅದಾದ ಮೇಲೆ. ಆದರೆ ಆಗ ಮಂಡ್ಯದಲ್ಲಿ ಯಾರು ಫೋನಿನಲ್ಲಿ ಬೆಲ್ಲ ಹುಡುಕುತ್ತಿದ್ದರು? ಮಾಡಿದವರನ್ನು ದೂರುವ ಹಾಗಿಲ್ಲ.

ಮೊಬೈಲಿಗೆ ಅಂತ ಬೇರೆ ವಿಳಾಸದಲ್ಲಿ ಬೇರೆ ಸೈಟು ಮಾಡುವುದು ನನಗೆ ಇಷ್ಟವಿಲ್ಲ. ಎರಡು ಕಡೆ ದರ ಬದಲಾಯಿಸಬೇಕು, ಒಂದು ಕಡೆ ಮರೆಯುತ್ತಾರೆ. ಅದೂ ಅಲ್ಲದೆ ಗೂಗಲ್ ಈಗ ಸೈಟುಗಳನ್ನು ಅಳೆಯುವುದೇ ಮೊಬೈಲ್ ರೂಪ ನೋಡಿ. 2016ರಲ್ಲಿ ಶುರು ಮಾಡಿದ ಆ ಬದಲಾವಣೆಯನ್ನು 2023ರಲ್ಲಿ ಮುಗಿಸಿದರು. ಕಂಪ್ಯೂಟರಿನಲ್ಲಿ ಎಷ್ಟು ಚೆಂದ ಕಂಡರೂ ಹುಡುಕಾಟದಲ್ಲಿ ಅದಕ್ಕೆ ಬೆಲೆ ಇಲ್ಲ.

ನುಡಿಯಿಂದ ಯುನಿಕೋಡ್‌ಗೆ

ಈ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಇದೇ. ಇಂಗ್ಲಿಷಿನಲ್ಲಿ ಬರುವ ಯಾವ ಮೊಬೈಲ್ ಗೈಡಿನಲ್ಲೂ ಇದು ಸಿಗುವುದಿಲ್ಲ.

ಹಳೇ ಪುಟದ ಕನ್ನಡವನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟಿನಲ್ಲಿ ಕಡತದೊಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಚಿತ್ರಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಕಡೆ "ಕನ್ನಡ" ಅನ್ನುವ ಪದವೇ ಒಂದು ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಚಿಹ್ನೆ, ಹೀಗೆ ಸಾಲಾಗಿ ಬರುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಹಾಕಿದ್ದರು. ಹಾಗಾಗಿ ಯಜಮಾನರಿಗೆ ಚೆನ್ನಾಗೇ ಕಾಣುತ್ತಿತ್ತು. ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ. ಗೂಗಲ್‌ಗೂ ಕಾಣುವುದು ಆ ಪೌಂಡ್ ಚಿಹ್ನೆಗಳೇ. "ಮಂಡ್ಯ ಬೆಲ್ಲ" ಅಂತ ಯಾರು ಎಷ್ಟೇ ಹುಡುಕಿದರೂ ಈ ಪುಟದಲ್ಲಿ ಬೆಲ್ಲ ಅನ್ನುವ ಪದವೇ ಇರಲಿಲ್ಲ.

ಆಸ್ಕಿಯಿಂದ, ಎಲ್ಲ ಸಾಧನಗಳೂ ಕನ್ನಡ ಅಂತಲೇ ಗುರುತಿಸುವ ಯುನಿಕೋಡ್‌ಗೆ ಬದಲಾಯಿಸುವ ಕನ್ವರ್ಟರುಗಳು ಬಿಟ್ಟಿಯಾಗೇ ಸಿಗುತ್ತವೆ. ಕೆಲಸ ಬಹುಪಾಲು ಸರಿಯಾಗೇ ಮಾಡುತ್ತವೆ. ತಲೆನೋವು ಕೊಡುವುದು ಉಳಿದ ಸ್ವಲ್ಪ. ಮೊದಲನೆಯದು ಅರ್ಕಾವತ್ತು. ನುಡಿಯಲ್ಲಿ ಅದು ಅಕ್ಷರ ಆದ ಮೇಲೆ ಬರುತ್ತದೆ, ನಾವು ಕೈಯಲ್ಲಿ ಬರೆಯುವ ಹಾಗೆ. ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು, ನಾವು ಉಚ್ಚಾರ ಮಾಡುವ ಹಾಗೆ. ವರ್ಷ, ಖರ್ಚು, ಪಾರ್ಸೆಲ್ ಇಂಥ ಪದಗಳನ್ನು ಒಂದೊಂದಾಗಿ ನೋಡಬೇಕಾಯಿತು. ಎರಡನೆಯದು ನಡುವೆ ಬರುವ ಇಂಗ್ಲಿಷ್. ಕನ್ನಡ ಸಾಲಿನ ಮಧ್ಯೆ ಇಂಗ್ಲಿಷಿನಲ್ಲಿ ಬರೆದ ಕೆಜಿ, ಇಮೇಲ್ ವಿಳಾಸ, ಇವನ್ನೂ ಕನ್ವರ್ಟರ್ ಕನ್ನಡದ ತುಂಡು ಅಂತಲೇ ತಿಳಿದು ಬದಲಾಯಿಸಿಬಿಡುತ್ತದೆ. ಇಮೇಲ್ ವಿಳಾಸ ಓದಲಾಗದ ಒತ್ತಕ್ಷರಗಳ ಗುಡ್ಡೆಯಾಯಿತು. ಅವನ್ನೆಲ್ಲ ಮೊದಲೇ ತೆಗೆದಿಟ್ಟು, ಆಮೇಲೆ ಸೇರಿಸುವುದು ವಾಸಿ. ಕೆಲವು ಕಡೆ ಅಂಕಿಗಳು ಕನ್ನಡ ಅಂಕಿಗಳಾದವು. ಓದಲು ಚೆಂದವೇ. ಆದರೆ ಫೋನ್ ಲಿಂಕಿನ ಒಳಗೆ 0ಯಿಂದ 9ರ ಅಂಕಿಗಳೇ ಇರಬೇಕು, ಇಲ್ಲದಿದ್ದರೆ ಕರೆ ಹೋಗುವುದಿಲ್ಲ.

ತಿದ್ದುವ ಕೆಲಸಕ್ಕೆ ಯಜಮಾನರ ಮಗಳು ಜೊತೆಯಾದಳು. ಬಿ.ಕಾಂ ಓದುತ್ತಿದ್ದಾಳೆ, ಅಂಗಡಿಯ ವಾಟ್ಸಾಪ್ ನೋಡಿಕೊಳ್ಳುವವಳೂ ಅವಳೇ. ಅವಳು ಹಳೇ ಕಂಪ್ಯೂಟರಿನಲ್ಲಿ ನೋಡಿ ಜೋರಾಗಿ ಓದುವುದು, ನಾನು ಫೋನಿನಲ್ಲಿ ಹೊಸದನ್ನು ನೋಡುತ್ತಾ ಹೋಗುವುದು. ಓದುತ್ತಾ ಓದುತ್ತಾ ಅವಳೇ ನಿಲ್ಲಿಸಿದಳು. "ಅಣ್ಣಾ, 'ಸಾಂಪ್ರದಾಯಿಕ ವಿಧಾನದಿಂದ ರಾಸಾಯನಿಕರಹಿತವಾಗಿ ತಯಾರಿಸಲ್ಪಟ್ಟ' ಅಂತ ಇದೆ. ಯಾರಣ್ಣ ಇಂಗೆ ಮಾತಾಡ್ತಾರೆ?" ಆ ಪದಗಳು ಪರದೆಗೂ ಹಿಡಿಸುತ್ತಿರಲಿಲ್ಲ. ದೊಡ್ಡ ಅಕ್ಷರದ ತಲೆಬರಹದಲ್ಲಿ "ರಾಸಾಯನಿಕರಹಿತವಾಗಿ" 360 ಪಿಕ್ಸೆಲ್ ಮೀರಿ ಹೊರಗೆ ಚಾಚಿಕೊಂಡಿತ್ತು. ಇಡೀ ಪುಟ ಅಡ್ಡಡ್ಡ ಅಲ್ಲಾಡುತ್ತಿತ್ತು. ಪದವನ್ನು ಎಲ್ಲಿ ಬೇಕಾದರೂ ಮುರಿ ಅಂತ ಸಿಎಸ್ಎಸ್‌ಗೆ ಹೇಳಬಹುದು. ಆದರೆ ಮುರಿದ ಜಾಗ ಅಸಹ್ಯವಾಗಿರುತ್ತದೆ. ಅದರ ಬದಲು "ಕೆಮಿಕಲ್ ಹಾಕದ ಬೆಲ್ಲ" ಅಂತ ಬರೆದೆವು. ಫೋನಿಗೂ ಹಿಡಿಸಿತು, ಬಾಯಿಗೂ ಹಿಡಿಸಿತು.

ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬೇಕು. ಇಂಗ್ಲಿಷ್ ಥೀಮುಗಳಲ್ಲಿ ತಲೆಬರಹಕ್ಕೆ ಸಾಲಿನ ಎತ್ತರ 1.1 ಅಥವಾ 1.2 ಇಟ್ಟಿರುತ್ತಾರೆ. ಮೇಲಿನ ಸಾಲಿನ "ಅಚ್ಚು" ಒತ್ತು ಕೆಳಗಿನ ಸಾಲಿನ "ಕಬ್ಬಿನ" ಗುಡಿಸಿಗೆ ಹೋಗಿ ತಾಗುತ್ತದೆ. ತಲೆಬರಹಕ್ಕೆ 1.4, ಉಳಿದದ್ದಕ್ಕೆ 1.7 ಇಟ್ಟೆ. ಅಕ್ಷರ 18 ಪಿಕ್ಸೆಲ್. ಅಕ್ಷರಗಳ ನಡುವೆ ಅಂತರ ಕೊಡುವ ಸೆಟ್ಟಿಂಗ್ ಕನ್ನಡಕ್ಕೆ ಒಗ್ಗುವುದಿಲ್ಲ, ಅದನ್ನು ತೆಗೆದೆ. ಬಟನ್ನುಗಳ ಕಥೆ ಇನ್ನೂ ಚೆನ್ನಾಗಿದೆ. ಹಳೇ ಸಿಎಸ್ಎಸ್‌ನಲ್ಲಿ ಬಟನ್ ಎತ್ತರ ಇಂತಿಷ್ಟೇ, ಮೀರಿದ್ದನ್ನು ಮರೆಮಾಡು ಅಂತಿತ್ತು. ಅಕ್ಷರ ದೊಡ್ಡದಾಗುತ್ತಿದ್ದಂತೆ ಕೆಳಗಿನ ಒತ್ತು ಕತ್ತರಿಸಿ ಹೋಗಿ "ಬೆಲ್ಲ" ಅನ್ನುವುದು "ಬೆಲ" ಆಗಿತ್ತು. ಎತ್ತರ ಕೊಡಬೇಡಿ, ಅಕ್ಷರದ ಸುತ್ತ ಒಳಗಿನ ಜಾಗ (ಪ್ಯಾಡಿಂಗ್) ಕೊಡಿ. ಎತ್ತರ ಅದರಷ್ಟಕ್ಕೇ ಬರಲಿ.

ಫಾಂಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಈಗಿನ ಆಂಡ್ರಾಯ್ಡ್ ಫೋನುಗಳಲ್ಲೂ ಐಫೋನಿನಲ್ಲೂ ಯುನಿಕೋಡ್ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಅದನ್ನೇ ಬಳಸಿದರೆ ಡೌನ್‌ಲೋಡ್ ಇಲ್ಲವೇ ಇಲ್ಲ. ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟ್ ಕಡತ ಇಂಗ್ಲಿಷಿನದಕ್ಕಿಂತ ದೊಡ್ಡದು. ಬೆಲ್ಲದ ದರ ನೋಡಲು ಬಂದವರಿಗೆ ಅದನ್ನು ಹೊರಿಸುವುದು ಯಾಕೆ? ಅಂಗಡಿಯ ಹೆಸರಿಗೆ ಮಾತ್ರ ಬಾಲೂ ತಮ್ಮ ಫಾಂಟ್ ಬಳಸಿದೆ. ಅದೂ ಬರುವ ತನಕ ಫೋನಿನ ಫಾಂಟಿನಲ್ಲೇ ಹೆಸರು ಕಾಣಲಿ ಅಂತ ಫಾಂಟ್-ಡಿಸ್‌ಪ್ಲೇಯನ್ನು ಸ್ವಾಪ್ ಅಂತ ಇಟ್ಟೆ.

ಫೋಟೊಗಳ ತೂಕ ಇಳಿಸಿದ್ದು

ಹಳೇ ಮುಖಪುಟದ ತೂಕ 14 ಎಂಬಿ. ಯಾರೋ ಆಮೇಲೆ ಕ್ಯಾಮೆರಾದಿಂದ ನೇರ ತಂದು ಹಾಕಿದ ಫೋಟೊಗಳು. 4000 ಪಿಕ್ಸೆಲ್ ಅಗಲದ ಚಿತ್ರ ಪುಟದಲ್ಲಿ ಕಾಣುವುದು 300 ಪಿಕ್ಸೆಲ್ಲಿಗೆ. ಸಿಗ್ನಲ್ ನೆಟ್ಟಗಿಲ್ಲದ ಕಡೆ ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕಿತು ಅಂದುಕೊಳ್ಳಿ. 14 ಎಂಬಿ ಇಳಿಯಲು ಹೆಚ್ಚುಕಡಿಮೆ ಒಂದು ನಿಮಿಷ. ಅಷ್ಟರಲ್ಲಿ ಗಿರಾಕಿ ಬೇರೆ ಅಂಗಡಿಗೆ ಫೋನ್ ಮಾಡಿ ಆಗಿರುತ್ತದೆ.

ಪ್ರತಿ ಫೋಟೊವನ್ನು 480, 800, 1200 ಅಗಲಕ್ಕೆ ಮೂರು ಮಾಡಿ ಕಡಿಮೆ ತೂಕದ ವೆಬ್‌ಪಿ ರೂಪದಲ್ಲಿ ಇಟ್ಟೆ. ಯಾವ ಪರದೆಗೆ ಯಾವುದು ಬೇಕು ಅಂತ ಬ್ರೌಸರ್ ತಾನೇ ಆರಿಸಿಕೊಳ್ಳುವ ಹಾಗೆ ಸೋರ್ಸ್‌ಸೆಟ್ ಬರೆದೆ. ಅಗಲ, ಎತ್ತರ ಎರಡನ್ನೂ ಟ್ಯಾಗಿನಲ್ಲೇ ಕೊಟ್ಟೆ. ಕೊಡದಿದ್ದರೆ ಫೋಟೊ ಬಂದ ತಕ್ಷಣ ಕೆಳಗಿನದೆಲ್ಲ ಧಡಕ್ಕನೆ ಜಾರುತ್ತದೆ. "ಫೋನ್ ಮಾಡಿ" ಒತ್ತಲು ಹೋದವರ ಬೆರಳು ಇನ್ನೇನನ್ನೋ ಒತ್ತಿರುತ್ತದೆ. ಕೆಳಗಿನ ಫೋಟೊಗಳಿಗೆ ಲೇಜಿ ಲೋಡಿಂಗ್, ಅಂದರೆ ಓದುವವರು ಅಲ್ಲಿಗೆ ಬಂದಾಗಲೇ ಇಳಿಯುವುದು. ಮೊದಲ ಫೋಟೊಗೆ ಅದನ್ನು ಹಾಕಬಾರದು, ಬೇಕಂತಲೇ ತಡ ಮಾಡಿದ ಹಾಗೆ ಆಗುತ್ತದೆ. ಎಲ್ಲ ಮುಗಿದ ಮೇಲೆ ಮುಖಪುಟ ಅರ್ಧ ಎಂಬಿಯೊಳಗೆ ಬಂತು.

ಫೋಟೊ ಕುಗ್ಗಿಸುವಾಗ ನೂರಕ್ಕೆ ಕ್ವಾಲಿಟಿ ಎಷ್ಟು ಇಡಬೇಕು ಅನ್ನುವುದನ್ನು ಬೆಲ್ಲವೇ ಹೇಳಿತು. 50ಕ್ಕೆ ಇಳಿಸಿದರೆ ಅಚ್ಚು ಬೆಲ್ಲದ ಮೈಮೇಲಿನ ಸಣ್ಣ ಹರಳು, ತೂತು ಎಲ್ಲ ಅಳಿಸಿ ಹೋಗಿ ಸೋಪಿನ ಥರ ನುಣ್ಣಗಾಗುತ್ತದೆ. 75ರಲ್ಲಿ ಉಳಿಯಿತು. ಇನ್ನೊಂದು ವಿಷಯ. ಹಳೇ ಫೋಟೊಗಳಲ್ಲಿ ಬೆಲ್ಲವನ್ನು ಹೊಳೆಯುವ ಹಳದಿ ಮಾಡಿಟ್ಟಿದ್ದರು. ಬಣ್ಣ ಬಿಳುಪಾಗಲಿ ಅಂತ ಕೆಲವು ಕಡೆ ಕಬ್ಬಿನ ಹಾಲಿಗೆ ಹೈಡ್ರೋಸ್ ಅನ್ನುವ ಕೆಮಿಕಲ್ ಹಾಕುತ್ತಾರೆ. ಹಾಕಿದರೆ ಬರುವುದು ಅದೇ ಹಳದಿ. ಕೆಮಿಕಲ್ ಹಾಕಿಲ್ಲ ಅಂತ ಮೇಲೆ ಬರೆದು ಕೆಳಗೆ ಆ ಬಣ್ಣ ತೋರಿಸಿದರೆ ತಿಳಿದವರು ನಂಬುತ್ತಾರಾ? ಅಂಗಡಿಯ ಕಂದು ಬೆಲ್ಲವನ್ನು ಬಾಗಿಲ ಬೆಳಕಿನಲ್ಲಿಟ್ಟು ಫೋನಿನಲ್ಲೇ ಹೊಸ ಫೋಟೊ ತೆಗೆದೆವು. ಬಣ್ಣ ಮುಟ್ಟಲಿಲ್ಲ.

ದರ, ಫೋನ್, ದಾರಿ

ದರಪಟ್ಟಿ ಏಳು ಕಾಲಮ್ಮಿನ ಟೇಬಲ್ ಆಗಿತ್ತು. ಅಚ್ಚು, ಬಕೆಟ್, ಕುರಿಕಟ್ಟು, ಉಂಡೆ, ಪುಡಿ ಅಂತ ಸಾಲುಗಳು. ಒಂದು ಕೆಜಿಗೆ, ಐದಕ್ಕೆ, ಹತ್ತಕ್ಕೆ ಅಂತ ಅಡ್ಡಕ್ಕೆ. ಫೋನಿನಲ್ಲಿ ಇಂಥ ಟೇಬಲ್ಲನ್ನು ಅಡ್ಡಡ್ಡ ತಳ್ಳುವ ಹಾಗೆ ಬಿಡಬಹುದು. ಆದರೆ ಬಲಕ್ಕೆ ತಳ್ಳಿದ ಮೇಲೆ ಇದು ಯಾವ ಬೆಲ್ಲದ ದರ ಅಂತ ಮರೆತು ಹೋಗುತ್ತದೆ. ಒಂದೊಂದು ಬೆಲ್ಲಕ್ಕೆ ಒಂದೊಂದು ಕಾರ್ಡ್ ಮಾಡಿದೆ. ಹೆಸರು, ಕೆಜಿ ದರ ದಪ್ಪಕ್ಷರದಲ್ಲಿ, ಉಳಿದ ತೂಕಗಳು ಕೆಳಗೆ. ಎಲ್ಲಕ್ಕಿಂತ ಮೇಲೆ ಯಾವ ದಿನದ ದರ ಅಂತ ತಾರೀಖು.

ತಾರೀಖು ಹಾಕಿದ ಮೇಲೆ ದಿನಾ ಬದಲಾಯಿಸಲೇಬೇಕು. ಮಂಡಿ ದರ ಏರುತ್ತದೆ, ಇಳಿಯುತ್ತದೆ. ಬದಲಾಯಿಸುವವರು ಕಂಪ್ಯೂಟರ್ ಹಚ್ಚಿ ಕೂರುವುದಿಲ್ಲ. ಅದಕ್ಕೇ ಮಾಲೀಕರ ಕಡೆಯ ಪುಟವೂ ಫೋನಿಗೇ ಮಾಡಿದ್ದು. ಮೊಬೈಲ್ ಸ್ನೇಹಿ ಅಂತ ಹೇಳುವವರು ಗಿರಾಕಿಯ ಫೋನನ್ನಷ್ಟೇ ನೋಡುತ್ತಾರೆ, ಈ ಭಾಗ ಬಿಟ್ಟೇಬಿಡುತ್ತಾರೆ. ಒಂದು ಸಣ್ಣ ಪಿಎಚ್‌ಪಿ ಪುಟ, ಪಾಸ್‌ವರ್ಡ್, ಒಂದೊಂದು ಬೆಲ್ಲಕ್ಕೆ ಒಂದು ಡಬ್ಬ, ಕೆಳಗೆ "ಉಳಿಸಿ". ಡಬ್ಬ ಮುಟ್ಟಿದರೆ ಅಂಕಿಯ ಕೀಬೋರ್ಡೇ ಬರುವ ಹಾಗೆ ಇನ್‌ಪುಟ್‌ಮೋಡ್ ಕೊಟ್ಟಿದ್ದೇನೆ. ಡಬ್ಬದೊಳಗಿನ ಅಕ್ಷರ 16 ಪಿಕ್ಸೆಲ್ಲಿಗಿಂತ ಕಡಿಮೆ ಇದ್ದರೆ ಐಫೋನ್ ಮುಟ್ಟಿದ ತಕ್ಷಣ ಪುಟವನ್ನು ಹಿಗ್ಗಿಸುತ್ತದೆ, ಆಮೇಲೆ ಕೈಯಲ್ಲಿ ಕುಗ್ಗಿಸಬೇಕು. ಹಾಗಾಗಿ ಅಲ್ಲೂ 18. ಮಗಳು ಬೆಳಗ್ಗೆ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ದರ ಹಾಕುತ್ತಾಳೆ.

ಫೋನ್ ನಂಬರ್ ಈಗ ಲಿಂಕ್. ಮುಂದೆ +91 ಸೇರಿಸಿ ಬರೆದದ್ದು. ವಾಟ್ಸಾಪ್ ಲಿಂಕಿನಲ್ಲಿ ಮಾತ್ರ ಪ್ಲಸ್ ಇರಬಾರದು, 91ರಿಂದ ಶುರುವಾಗಬೇಕು. ಒತ್ತಿದರೆ "ಬೆಲ್ಲದ ದರ ಮತ್ತು ಪಾರ್ಸೆಲ್ ಬಗ್ಗೆ ತಿಳಿಸಿ" ಅಂತ ಮೊದಲೇ ಬರೆದಿರುವ ಮೆಸೇಜ್ ತೆರೆಯುತ್ತದೆ. ಈ ಎರಡು ಬಟನ್ ಪರದೆಯ ತಳದಲ್ಲಿ ಯಾವಾಗಲೂ ಇರುತ್ತವೆ. ಹೆಬ್ಬೆರಳು ತಲುಪುವ ಜಾಗ ಅದೇ. ಎತ್ತರ ಕನಿಷ್ಠ 48 ಪಿಕ್ಸೆಲ್, ನಡುವೆ 8 ಪಿಕ್ಸೆಲ್ ಬಿಡುವು. ಪುಟದ ಕೊನೆಯ ಸಾಲು ಇದರ ಹಿಂದೆ ಅಡಗದ ಹಾಗೆ ಕೆಳಗೆ ಅಷ್ಟೇ ಜಾಗ ಬಿಟ್ಟಿದ್ದೇನೆ.

ಪುಟದೊಳಗೇ ಕೂರಿಸಿದ್ದ ಮ್ಯಾಪ್ ತೆಗೆದೆ. ಅದೊಂದೇ ತರುವ ಸ್ಕ್ರಿಪ್ಟುಗಳು ಉಳಿದ ಪುಟಕ್ಕಿಂತ ಭಾರ. "ದಾರಿ ತೋರಿಸಿ" ಅನ್ನುವ ಬಟನ್ ಒತ್ತಿದರೆ ಫೋನಿನ ಮ್ಯಾಪ್ ಆ್ಯಪ್ ತೆರೆಯುತ್ತದೆ. ಅದರ ಕೆಳಗೆ ಯಜಮಾನರೇ ಹೇಳಿದ ಸಾಲು: ಬೈಪಾಸ್ ಹತ್ತಬೇಡಿ, ಹತ್ತಿದರೆ ನಮ್ಮ ಅಂಗಡಿ ಸಿಗುವುದಿಲ್ಲ, ಮಂಡ್ಯ ಊರೊಳಗೆ ಬನ್ನಿ.

ವಿಚಾರಣೆ ಫಾರಂನಲ್ಲಿ ಹನ್ನೊಂದು ಡಬ್ಬ ಇದ್ದವು, ಫ್ಯಾಕ್ಸ್ ನಂಬರ್ ಸಮೇತ. ಈಗ ಹೆಸರು, ಫೋನ್, ಪಿನ್‌ಕೋಡ್, ಎಷ್ಟು ಕೆಜಿ. ಇಮೇಲ್ ಕೇಳುವುದಿಲ್ಲ. ಬೆಲ್ಲ ಕೊಳ್ಳಲು ಇಮೇಲ್ ಯಾಕೆ ಅಲ್ವಾ?

ಕ್ಯೂಆರ್ ಕೋಡ್ ಹಾಕಿ ಅಂತ ಯಜಮಾನರು ಕೇಳಿದರು. ಅಂಗಡಿಯ ಗೋಡೆ ಮೇಲೆ ಇರುವ ಯುಪಿಐ ಕೋಡನ್ನೇ ಫೋಟೊ ತೆಗೆದು ಸೈಟಿಗೆ ಹಾಕಿದರೆ ಆಯಿತು ಅನ್ನುವುದು ಅವರ ಲೆಕ್ಕ. ಕೈಯಲ್ಲಿರುವ ಫೋನಿನ ಪರದೆಯನ್ನು ಅದೇ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು ಹೇಗೆ? ಅವರ ಫೋನನ್ನೇ ಕೈಗೆ ಕೊಟ್ಟು ಮಾಡಿ ನೋಡಿ ಅಂದೆ. ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು. ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಿಂದ ಆರಿಸುವ ದಾರಿ ಇದೆ, ಆದರೆ ಎಷ್ಟು ಜನ ಮಾಡುತ್ತಾರೆ? ಯುಪಿಐ ಐಡಿಯನ್ನು ಅಕ್ಷರದಲ್ಲೇ ಬರೆದು ಪಕ್ಕದಲ್ಲಿ "ಕಾಪಿ" ಬಟನ್ ಇಟ್ಟೆವು. ಫೋನಿನಲ್ಲಿ ಮಾತಾಡಿ ತೂಕ ಖಚಿತ ಆದ ಮೇಲೇ ದುಡ್ಡು ಕಳಿಸಿ ಅಂತ ಮೇಲೆ ಒಂದು ಸಾಲು.

ಓಡುವ ಅಕ್ಷರ ಬೇಕೇ ಬೇಕು ಅಂತ ಹಟ ಹಿಡಿದಿದ್ದರು. ಓಡದೆ ನಿಂತಿರುವ ಒಂದು ಪಟ್ಟಿ ಮಾಡಿಕೊಟ್ಟೆ. ಅದರಲ್ಲಿ ಏನು ಬರೆಯಬೇಕು ಅನ್ನುವುದು ಅವರಿಗೇ ಬಿಟ್ಟದ್ದು. ಸಂಕ್ರಾಂತಿಗೆ ಎಳ್ಳು ಬೆಲ್ಲದ ಪ್ಯಾಕೆಟ್ ಬಗ್ಗೆ ಬರೆಯುತ್ತಾರಂತೆ.

ಬಿಸಿಲಲ್ಲಿ ನೋಡಿದ್ದು

ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಪರದೆ ಚಿಕ್ಕದು ಮಾಡಿ ನೋಡುವುದು ಶುರುವಿಗೆ ಸಾಕು. ಕೊನೆಗೆ ನಿಜವಾದ ಫೋನೇ ಬೇಕು. ಹಳೇ 2 ಜಿಬಿ ರ‍್ಯಾಮ್ ಆಂಡ್ರಾಯ್ಡ್ ಒಂದನ್ನು ಇದಕ್ಕೆಂದೇ ಇಟ್ಟುಕೊಂಡಿದ್ದೇನೆ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಯುಎಸ್‌ಬಿ ಡೀಬಗ್ಗಿಂಗ್ ಹಾಕಿ ಕೇಬಲ್ ಚುಚ್ಚಿದರೆ ಫೋನಿನಲ್ಲಿ ಏನಾಗುತ್ತಿದೆ ಅಂತ ಲ್ಯಾಪ್‌ಟಾಪಿನಲ್ಲಿ ನೋಡಬಹುದು.

ಅಂಗಡಿ ಮುಂದೆ ಮಧ್ಯಾಹ್ನದ ಬಿಸಿಲಲ್ಲಿ ನಿಂತು ನೋಡಿದಾಗ ಒಂದು ದೋಷ ಕಂಡಿತು. ಕೆನೆ ಬಣ್ಣದ ಹಿನ್ನೆಲೆ ಮೇಲೆ ತಿಳಿ ಕಂದು ಅಕ್ಷರ. ಬೆಲ್ಲಕ್ಕೆ ಒಪ್ಪುವ ಬಣ್ಣ, ಮನೆಯೊಳಗೆ ಚೆಂದ. ಬಿಸಿಲಲ್ಲಿ ತಾರೀಖೇ ಕಾಣಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅನ್ನುವುದು, ವೆಬ್ ಪುಟಗಳು ಎಲ್ಲರಿಗೂ ಓದಲು ಆಗಬೇಕು ಅಂತ ಮಾಡಿದ ಡಬ್ಲ್ಯುಸಿಎಜಿ ಮಾನದಂಡ. ನಾನು ಗಾಢ ಕಂದು ಮಾಡಿ ಅದಕ್ಕಿಂತ ತುಂಬಾ ಮೇಲಕ್ಕೆ ಒಯ್ದೆ.

ಇನ್ನೊಂದನ್ನು ತೋರಿಸಿದ್ದು ಯಜಮಾನರ ಫೋನ್. ಕಣ್ಣು ಮಂಜು ಅಂತ ಬ್ರೌಸರಿನ ಝೂಮ್ 150%ಗೆ ಇಟ್ಟುಕೊಂಡಿದ್ದಾರೆ. 360ರ ಪರದೆ ಆಗ 240 ಆದ ಹಾಗೆ. ತಳದ ಎರಡು ಬಟನ್ನುಗಳಲ್ಲಿ "ವಾಟ್ಸಾಪ್ ಮಾಡಿ" ಎರಡು ಸಾಲಾಗಿ ಒಡೆದು ಪಟ್ಟಿ ಅರ್ಧ ಪರದೆ ನುಂಗಿತ್ತು. "ಮಾಡಿ" ತೆಗೆದು ಬರೀ "ವಾಟ್ಸಾಪ್" ಅಂತ ಇಟ್ಟೆ, "ಕರೆ" ಅಂತ ಇನ್ನೊಂದಕ್ಕೆ. ಝೂಮ್ ಆಗದ ಹಾಗೆ ಬೀಗ ಹಾಕುವ ಸೆಟ್ಟಿಂಗ್ ಕೆಲವರು ಬಳಸುತ್ತಾರೆ, ವಿನ್ಯಾಸ ಕೆಡದಿರಲಿ ಅಂತ. ಅಂಥವರು ಅರವತ್ತು ದಾಟಿದವರ ಫೋನನ್ನು ಒಮ್ಮೆ ಕೈಗೆ ತಗೊಂಡು ನೋಡಬೇಕು.

ಅಂಕ ಎಷ್ಟು ಬಂತು ಅಂತ ಕೇಳುವವರಿಗೆ: ಪುಟಗಳನ್ನು ಪರೀಕ್ಷಿಸುವ ಗೂಗಲ್‌ನ ಲೈಟ್‌ಹೌಸ್‌ನಲ್ಲಿ ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಬರುತ್ತಿದೆ, ಪುಟ ಜಾರುವುದು ಸೊನ್ನೆಗೆ ಹತ್ತಿರ. ಗೂಗಲ್‌ನ ಹಳೇ ಮೊಬೈಲ್ ಫ್ರೆಂಡ್ಲಿ ಪರೀಕ್ಷೆ 2023ರ ಡಿಸೆಂಬರಿನಲ್ಲೇ ನಿಂತು ಹೋಗಿದೆ, ಅದನ್ನು ಹುಡುಕಬೇಡಿ. ಗೂಗಲ್‌ನದೇ ಇನ್ನೊಂದು ಪರೀಕ್ಷೆ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ನಿಜ ಬಳಕೆದಾರರ ಅಂಕಿ ಈ ಸೈಟಿಗೆ ಬರುವುದಿಲ್ಲ, ಅಷ್ಟು ಜನ ಬಂದರೆ ತಾನೇ. ನನಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು ಮಗಳು ಹೇಳುವ ಸುದ್ದಿ. ದರ ಕೇಳುವ ಕರೆ ಕಡಿಮೆಯಾಗಿವೆಯಂತೆ. ನೇರ "ಐದು ಕೆಜಿ ಕಳಿಸಿ" ಅನ್ನುವ ಮೆಸೇಜ್ ಜಾಸ್ತಿಯಾಗಿವೆಯಂತೆ.

ಸಣ್ಣಪುಟ್ಟವು ಉಳಿದವು. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಬಿಟ್ಟಿ ಸರ್ಟಿಫಿಕೇಟ್ ಹಾಕಿ ಬ್ರೌಸರಿನ "ಸುರಕ್ಷಿತವಲ್ಲ" ಅನ್ನುವ ಎಚ್ಚರಿಕೆ ತೆಗೆಸಿದೆ. ಹಳೇ ಪುಟಗಳ ವಿಳಾಸಗಳನ್ನು ಹೊಸದಕ್ಕೆ ತಿರುಗಿಸಿದೆ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದರೆ ಬೆಲ್ಲದ ಫೋಟೊ, ಅಂಗಡಿ ಹೆಸರು ಕಾಣುವ ಹಾಗೆ ಓಪನ್ ಗ್ರಾಫ್ ಟ್ಯಾಗುಗಳನ್ನು ಸೇರಿಸಿದೆ. ನಮ್ಮ ಕಡೆ ಲಿಂಕ್ ಓಡಾಡುವುದೇ ಅಲ್ಲಿ.

ಬಾಕಿ ಇರುವುದು ಇಂಗ್ಲಿಷ್ ಪುಟ. ಬೆಂಗಳೂರಿನ ಗಿರಾಕಿಗಳಲ್ಲಿ ಕನ್ನಡ ಓದಲು ಬಾರದವರೂ ಇದ್ದಾರೆ. ಮಗಳು ಬರೆಯುತ್ತಿದ್ದಾಳೆ, ಅರ್ಧ ಆಗಿದೆ. ಬೇರೆ ವಿಳಾಸದಲ್ಲಿ ಇಟ್ಟು ಎರಡೂ ಪುಟಗಳ ತಲೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡುತ್ತೇನೆ. ದರ ಎರಡಕ್ಕೂ ಒಂದೇ ಕಡತದಿಂದ ಬರುತ್ತದೆ, ಬೆಳಗ್ಗೆ ಬಸ್ಸಿನಲ್ಲಿ ಎರಡು ಸಲ ತುಂಬುವ ಕೆಲಸ ಇಲ್ಲ.